ಬಾನೆಟ್ ರಾಯರು

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಕಾರು ತೊಳೆಯುವವರು ಸಾಲಾಗಿ ಸಿಗುತ್ತಾರೆ. ಗಾಜು ಉಜ್ಜುವವರು, ಚಕ್ರಕ್ಕೆ ನೀರೆರಚುವವರು, ಹುಡುಗನ ಕೈಗೆ ಬಟ್ಟೆ ಕೊಟ್ಟು ತಾವು ಪೇಪರ್ ಹಿಡಿದು ಕೂತವರು. ಇವರೆಲ್ಲ ನಾಲ್ಕು ಜನ ನೋಡಲಿ ಅಂತ ತೊಳೆಯುವ ಸಾಮಾನ್ಯರು, ಬಿಟ್ಟುಬಿಡೋಣ. ಬಾನೆಟ್ ಎತ್ತಿ ಸೊಂಟದವರೆಗೆ ಒಳಗಿಳಿದು, ಹೊರಗೆ ಒಂದು ಪಟ್ಟಾಪಟ್ಟಿ ಚಡ್ಡಿ, ಎರಡು ಹವಾಯಿ ಚಪ್ಪಲಿ ಮಾತ್ರ ಕಾಣುವಂತೆ ನಿಂತವರೊಬ್ಬರು ಇರುತ್ತಾರಲ್ಲ, ನೋಡಬೇಕಾದ್ದು ಅವರನ್ನು. ಹಿಂದಿನಿಂದ ನಮಸ್ಕಾರ ಹೇಳಿದರೆ ಒಳಗಿಂದ "ಹ್ಞಾಂ, ಬಂದೆ ಬಂದೆ" ಎಂದು ದನಿ ಬರುತ್ತದೆ. ಮನುಷ್ಯ ಬರುವುದಿಲ್ಲ.

ನಮ್ಮ ಅಡ್ಡರಸ್ತೆಯಲ್ಲಿ ಇವರಿಗೆ ಬಾನೆಟ್ ರಾಯರು ಎಂದೇ ಹೆಸರು. ನಿವೃತ್ತರು. ಗಾಡಿ ಮಾರುತಿ 800, ಕಾರ್ಬ್ಯುರೇಟರ್ ಕಾಲದ್ದು. 1983ರ ಡಿಸೆಂಬರಿನಲ್ಲಿ ದೇಶದ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಈ ಕಾರಿನ ವಂಶವೃಕ್ಷವನ್ನು ರಾಯರು ತಮ್ಮ ಮನೆತನದ್ದಕ್ಕಿಂತ ಚೆನ್ನಾಗಿ ಬಲ್ಲರು. ಹೊರಗಿನಿಂದ ನೋಡಿದರೆ ಅದನ್ನು ಗುಜರಿಯವನೂ ಎರಡು ಸಲ ಯೋಚಿಸಿ ಎತ್ತಿಕೊಂಡು ಹೋಗಬೇಕು. ಬಿಳಿ ಬಣ್ಣ ಹಳದಿಗೆ ತಿರುಗಿದೆ, ಎಡಬಾಗಿಲು ನೆಗ್ಗಿದೆ, ಮೇಲುಗಡೆ ಪಕ್ಕದ ಮನೆ ಹೊಂಗೆಮರದ ಹಕ್ಕಿಗಳ ದಿನಚರಿಯೇ ಇದೆ. ರಾಯರಿಗೆ ಅದರ ಗೊಡವೆ ಇಲ್ಲ. "ಮೈ ಯಾರು ಬೇಕಾದ್ರೂ ತೊಳೀತಾರೆ ಸಾರ್" ಎನ್ನುತ್ತಾರೆ. ಬಾನೆಟ್ ಎತ್ತಿದರೆ ಮಾತ್ರ ಆ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನು ಮದುವೆಗೆ ಹೊರಟು ನಿಂತಿರುತ್ತದೆ.

ಈ ಅಲಂಕಾರದ ಸಾಮಗ್ರಿಯೆಲ್ಲ ಬರುವುದು ಅಡುಗೆಮನೆಯಿಂದ. ಅವರ ಶ್ರೀಮತಿಯವರ ಪಾಲಿಗೆ ಭಾನುವಾರವೆಂದರೆ ದಾಸ್ತಾನು ಕರಗುವ ದಿನ. ಬ್ಯಾಟರಿಯ ತುದಿಯಲ್ಲಿ ಬಿಳಿ ಹಸಿರು ಪುಡಿ ಕಟ್ಟಿಕೊಂಡರೆ ಬಿಸಿನೀರಿಗೆ ಅಡುಗೆ ಸೋಡಾ ಕದಡಿ ಹಾಕಬೇಕು, ಅದು ಬುಸುಬುಸು ನೊರೆಯುಕ್ಕಿಸಿ ಆಮ್ಲವನ್ನು ತಣ್ಣಗೆ ಮಾಡುತ್ತದೆ. ಮುಚ್ಚಳದೊಳಗೆ ಮಾತ್ರ ಒಂದು ಹನಿ ಹೋಗಕೂಡದು. ಒಣಗಿದ ಮೇಲೆ ತುದಿಗೆ ವ್ಯಾಸಲೀನ್ ಸವರಬೇಕು. ಹೀಗಾಗಿ ಆ ಮನೆಯಲ್ಲಿ ಚಳಿಗಾಲಕ್ಕೆ ಜನರ ತುಟಿ ಒಡೆಯುತ್ತದೆ, ಬ್ಯಾಟರಿಯದು ಒಡೆಯುವುದಿಲ್ಲ. ಬೀಗರು ಬಂದ ದಿನ ಬೋಂಡಾ ಕಲ್ಲಾದದ್ದಕ್ಕೂ ಕಾರಣ ಇದೇ. "ಸೋಡಾ ಬ್ಯಾಟರಿ ತಿಂದ್ಕೊಂಡು ಕೂತಿದೆ, ನಾನೇನ್ ಮಾಡ್ಲಿ?" ಎಂದು ಆಕೆ ಬೀಗಿತಿಯ ಎದುರೇ ಹೇಳಿದರಂತೆ. ಹಳೇ ಟೂತ್ ಬ್ರಷ್‌ಗಳ ಕಥೆ ಇನ್ನೊಂದು. ರಾಯರ ಪ್ರಕಾರ ಬ್ರಷ್ಷಿನ ಬಾಳಿನಲ್ಲಿ ಹಲ್ಲುಜ್ಜುವುದು ಬರೀ ತರಬೇತಿ, ಅಸಲಿ ನೌಕರಿ ಶುರುವಾಗುವುದು ಆಮೇಲೆ. ಮೊಮ್ಮಗನ ಬ್ರಷ್ಷು ಚಿಕ್ಕದು, ಕಾರ್ಬ್ಯುರೇಟರಿನ ಸಂದಿಗೆ ಸರಿಯಾಗಿ ಹೋಗುತ್ತದೆ. ಹುಡುಗ ಈಗ ತನ್ನ ಬ್ರಷ್ಷನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾನೆ.

ಎಲ್ಲಕ್ಕಿಂತ ದೊಡ್ಡ ಜಗಳ ನಂದಿನಿ ಹಾಲಿನ ಕವರಿನದು. ಎಂಜಿನ್ ತೊಳೆಯುವಾಗ ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ಫ್ಯೂಸ್ ಬಾಕ್ಸ್, ಏರ್ ಫಿಲ್ಟರಿನ ಬಾಯಿ ಇವಕ್ಕೆ ನೀರು ತಾಗಬಾರದು. ಕವರು ಮುಚ್ಚಿ ರಬ್ಬರ್ ಬ್ಯಾಂಡ್ ಬಿಗಿಯಬೇಕು. ಲೋಕದ ಹೆಂಗಸರೆಲ್ಲ ಹಾಲಿನ ಕವರಿನ ಮೂಲೆ ಕತ್ತರಿಸುತ್ತಾರೆ. ಮೂಲೆಯಲ್ಲಿ ತೂತಿದ್ದರೆ ಡಿಸ್ಟ್ರಿಬ್ಯೂಟರಿಗೆ ನೀರಿಳಿದು ಗಾಡಿ ಸ್ಟಾರ್ಟ್ ಆಗುವುದಿಲ್ಲ. ಹಾಗಾಗಿ ಆ ಮನೆಯಲ್ಲಿ ಕವರನ್ನು ಮೇಲ್ತುದಿಯಲ್ಲಿ ಉದ್ದಕ್ಕೆ, ಗೆರೆ ಎಳೆದಂತೆ ಕತ್ತರಿಸಬೇಕೆಂಬ ಕಾನೂನು. ಕತ್ತರಿಸುವಾಗ ಅರ್ಧ ಲೋಟ ಹಾಲು ಕಟ್ಟೆಗೆ ಚೆಲ್ಲುತ್ತದೆ. ಚೆಲ್ಲಲಿ.

ತೊಳೆಯುವ ಕ್ರಮವೂ ಶಾಸ್ತ್ರೋಕ್ತ. ಮೊದಲು ಅಂಗೈ ತಿರುವಿ, ಮಗುವಿನ ಜ್ವರ ನೋಡುವ ಹಾಗೆ ಎಂಜಿನ್ನು ಮುಟ್ಟಿ ನೋಡುತ್ತಾರೆ. ಬಿಸಿಯಿದ್ದರೆ ಅಂದಿನ ಕಾರ್ಯಕ್ರಮ ಮುಂದಕ್ಕೆ. ಕಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಡಿಗ್ರೀಸರ್ ಜಿಡ್ಡು ಬಿಡಿಸುವ ಮೊದಲೇ ಆವಿಯಾಗಿ ಮೂಗಿಗೆ ಹೊಡೆಯುತ್ತದೆ. ಆಮೇಲೆ ಬ್ಯಾಟರಿ ಕಳಚುವುದು. "ಬಿಚ್ಚುವಾಗ ಮೊದಲು ಮೈನಸ್ಸು, ಹಾಕುವಾಗ ಮೊದಲು ಪ್ಲಸ್ಸು" ಎಂಬುದು ನಮ್ಮ ರಸ್ತೆಯ ಮಕ್ಕಳಿಗೆಲ್ಲ ಮಗ್ಗಿಗಿಂತ ಮೊದಲು ಬಾಯಿಪಾಠ. ಯಾಕೆಂದು ಕೇಳಿದರೆ ಕೆಟ್ಟಿರಿ. ಪ್ಲಸ್ಸನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೆ ಏನಾಗುತ್ತದೆಂದು ಅವರು ಕೈಕಾಲು ಬಡಿದು ಅಭಿನಯಿಸಿ ತೋರಿಸುತ್ತಾರೆ. ಕೈಯಲ್ಲಿ ಹಾಲಿನ ಕ್ಯಾನಿದ್ದರೆ ಹಾಲು ಒಡೆಯುವವರೆಗೂ ನಿಮಗೆ ಬಿಡುಗಡೆಯಿಲ್ಲ.

ಇನ್ನು ಅವರ ಶತ್ರುಗಳು. ಒಂದನೆಯದು ಸೀಮೆಎಣ್ಣೆ. ಹಿಂದಿನ ಗ್ಯಾರೇಜುಗಳಲ್ಲಿ ಎಂಜಿನ್ನಿಗೆ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಎರಚಿ ಜಿಡ್ಡು ತೆಗೆಯುತ್ತಿದ್ದರು. ರಬ್ಬರ್ ಪೈಪುಗಳು ಊದಿಕೊಳ್ಳುತ್ತವೆ, ಕಿಡಿ ತಾಗಿದರೆ ಗಾಡಿಯೇ ಹೋಮಕುಂಡ. ಎರಡನೆಯದು ಪ್ರೆಷರ್ ಗನ್. ರಾಯರ ಭಾವಮೈದ ಒಮ್ಮೆ ವಾಟರ್ ಸರ್ವಿಸ್‌ಗೆ ಗಾಡಿ ಬಿಟ್ಟು, ಅಲ್ಲಿನ ಹುಡುಗ ಬಾನೆಟ್ ತೆರೆದು ಜೋರಾಗಿ ನೀರು ಹೊಡೆದು, ಕಾರು ಟೋ ಹಗ್ಗಕ್ಕೆ ಕಟ್ಟಿಸಿಕೊಂಡು ಮನೆಗೆ ಬಂದ ಪ್ರಸಂಗವನ್ನು ಮದುವೆ ಮನೆಯಲ್ಲಿ ಪಂಕ್ತಿ ಕೂತಾಗಲೂ ಹೇಳುತ್ತಾರೆ, ಭಾವಮೈದ ಬಡಿಸುತ್ತಿದ್ದರೂ ಹೇಳುತ್ತಾರೆ.

ಮೂರನೆಯ ಶತ್ರು ಇಲಿ. ರಾತ್ರಿ ಬೆಚ್ಚಗಿರುತ್ತದೆಂದು ಬಾನೆಟ್ಟಿನೊಳಗೆ ಬಂದು ಬ್ಯಾಟರಿ ಮೇಲೆ ಕೂತು ಊಟ ಮಾಡುತ್ತದೆ, ಬಾಯಿ ಚಪಲಕ್ಕೆ ವೈರು ಕಡಿಯುತ್ತದೆ. ಅವರೆಕಾಯಿ ಕಾಲದಲ್ಲಿ ಅಲ್ಲಿ ಬೀದಿಯವರೆಲ್ಲರ ಮನೆಯ ಸಿಪ್ಪೆ ಸಿಗುತ್ತದೆ. ಯಾರ ಮನೆಯಲ್ಲಿ ನಿನ್ನೆ ಏನು ಅಡುಗೆಯೆಂಬುದು ರಾಯರಿಗೆ ತಿಳಿಯುವುದು ಹೀಗೆ. ನುಸಿಗುಳಿಗೆ ಕಟ್ಟಿದರು, ಹೊಗೆಸೊಪ್ಪಿನ ಎಲೆ ಸಿಕ್ಕಿಸಿದರು. ಇಲಿ ಎರಡಕ್ಕೂ ಒಗ್ಗಿಕೊಂಡಿತು. ರಾಯರ ಅಂಗಿಯಿಂದ ಮಾತ್ರ ಹೊಗೆಸೊಪ್ಪಿನ ವಾಸನೆ ಹೋಗಲಿಲ್ಲ, ಅವರು ಗುಟ್ಟಾಗಿ ಎಲೆಯಡಿಕೆ ಶುರುಮಾಡಿದ್ದಾರೆಂದು ಅತ್ತಿಗೆಯವರ ಕಿವಿಗೆ ಬಿತ್ತು.

2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವೆದ್ದು, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದಾಗ ಬಡಾವಣೆಯ ಕಾರುಗಳೆಲ್ಲ ಧೂಳು ಹೊದ್ದು ನಿಂತವು. ರಾಯರೊಬ್ಬರೇ ಅಚಲ. ಅವರಿಗೆ ಬೇಕಾದ್ದು ಇಸ್ತ್ರಿಗೆ ಚಿಮುಕಿಸುವ ಬಾಟಲಿಯಷ್ಟು ನೀರು, ಅದೂ ಆರ್‌ಒ ಯಂತ್ರ ಹೊರಗೆ ಬಿಡುವ ಪೋಲು ನೀರು. ಆ ನೀರಿನ ಲವಣವೆಲ್ಲ ಎಂಜಿನ್ನಿನ ಮೇಲೆ ಬಿಳಿ ಚುಕ್ಕಿಗಳಾಗಿ ಕೂತಿತು. ಅದನ್ನು ಒರೆಸಲು ಮುಂದಿನ ಭಾನುವಾರ ಸಿಕ್ಕಿತಲ್ಲ ಎಂದು ಅವರ ಮುಖ ಅರಳಿತು.

ಆಯುಧಪೂಜೆಯಂದು ಅವರನ್ನು ನೋಡಬೇಕು. ಬೀದಿಯೆಲ್ಲ ಬಾಳೆಕಂದು, ಚೆಂಡುಹೂವು, ಚಕ್ರದಡಿ ನಿಂಬೆಹಣ್ಣು. ಶ್ರೀಮತಿಯವರು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದರೆ ರಾಯರು ಏರ್ ಫಿಲ್ಟರಿನ ಮುಚ್ಚಳ ತೋರಿಸಿ, "ಇಲ್ಲಿ ಮಾತ್ರ. ಒಂದೇ ಬೊಟ್ಟು. ಒತ್ತಬೇಡ" ಎನ್ನುತ್ತಾರೆ. ಬೂದುಗುಂಬಳಕಾಯಿ ಒಡೆಯುವುದು ಪಕ್ಕದ ತಿರುವಿನಲ್ಲಿ, ಕುಂಕುಮದ ನೀರು ರೇಡಿಯೇಟರಿಗೆ ಸಿಡಿಯಬಾರದಲ್ಲ.

ಆದರೆ ಅವರ ನಿಜವಾದ ಸಂಕಟ ಇದಾವುದೂ ಅಲ್ಲ. ಇಷ್ಟು ಮಾಡಿದ ಮೇಲೆ ಬಾನೆಟ್ ಮುಚ್ಚಲೇಬೇಕು. ಮುಚ್ಚಿದರೆ ಯಾರಿಗೂ ಕಾಣದು. ಅದಕ್ಕೇ ಅವರು ಬಾನೆಟ್ ಎತ್ತಿಟ್ಟು ಗೇಟಿನ ಬಳಿ ಹೊಂಚುತ್ತಾರೆ. ಹೂವಿನವಳು, ಕೊರಿಯರ್ ಹುಡುಗ, ಯಾರಾದರೂ ಆದೀತು. "ಒಂದ್ನಿಮಿಷ ಬನ್ನಿ, ಏನೋ ಶಬ್ದ ಬರ್ತಿದೆ" ಎಂದು ಕರೆಯುತ್ತಾರೆ. ಶಬ್ದವೇನೂ ಇರುವುದಿಲ್ಲ. ಬಗ್ಗಿ ನೋಡಿದವರು "ಅಯ್ಯೋ, ಶೋರೂಮಿಂದ ಈಗ ತಂದಂಗಿದೆ!" ಎನ್ನಬೇಕು. ಎದುರು ಮನೆಯವರು ಎಲೆಕ್ಟ್ರಿಕ್ ಕಾರು ತಂದಾಗ ರಾಯರು ತಾವೇ ಹೋಗಿ ಬಾನೆಟ್ ತೆಗೆಸಿದರು. ಒಳಗೆ ಎಣ್ಣೆಯಿಲ್ಲ, ಜಿಡ್ಡಿಲ್ಲ. ಕಿತ್ತಳೆ ಬಣ್ಣದ ದಪ್ಪ ಕೇಬಲ್ಲು, ಮುಟ್ಟಬೇಡಿ ಎಂಬ ಎಚ್ಚರಿಕೆ. "ಪಾಪ, ನಿಮಗೆ ಭಾನುವಾರ ಹೊತ್ತು ಹೋಗೋದು ಕಷ್ಟ" ಎಂದು ಎದ್ದು ಬಂದರು.

ಕೊನೆಗೆ ಮಗನ ಒತ್ತಾಯಕ್ಕೆ ಗಾಡಿ ಮಾರಲು ಒಪ್ಪಿದರು. ಬ್ರೋಕರ್ ಒಬ್ಬ ಗಿರಾಕಿಯನ್ನು ಕರೆತಂದ. ನೆಗ್ಗಿದ ಬಾಗಿಲು, ಹಳದಿ ಬಣ್ಣ ಯಾವುದಕ್ಕೂ ಆತ ತಕರಾರು ತೆಗೆಯಲಿಲ್ಲ. ರಾಯರು ಬಾನೆಟ್ ಎತ್ತಿ ಒಂದು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತರು. ಗಿರಾಕಿ ಬಗ್ಗಿದ, ಮೂಸಿದ, ಬ್ರೋಕರ್ ಮುಖ ನೋಡಿದ.

"ಯಜಮಾನ್ರೇ, ಇದನ್ನ ಯಾವಾಗ ತೊಳ್ಸಿದ್ರಿ?"

"ತೊಳ್ಸೋದೇನು, ವಾರವಾರ ನಾನೇ ತೊಳೀತೀನಿ."

ಬ್ರೋಕರ್ ರಾಯರನ್ನು ಪಕ್ಕಕ್ಕೆ ಕರೆದ. "ಸಾರ್, ತಪ್ಪು ತಿಳ್ಕೋಬೇಡಿ. ಹಳೇ ಗಾಡಿ ಎಂಜಿನ್ ಇಷ್ಟು ಕ್ಲೀನಾಗಿದ್ರೆ ಆಯಿಲ್ ಲೀಕ್ ಮುಚ್ಚೋಕೆ ತೊಳೆದಿದ್ದಾರೆ ಅಂತಾನೇ ಲೆಕ್ಕ. ಪಾರ್ಟಿ ಹತ್ತು ಸಾವ್ರ ಕಮ್ಮಿ ಕೇಳ್ತಾವ್ನೆ. ಒಂಚೂರು ಧೂಳು ಇದ್ದಿದ್ರೆ ಈಗ್ಲೇ ವ್ಯಾಪಾರ ಕುದುರ್ತಿತ್ತು."

ಅವರಿಬ್ಬರೂ ಹೋದ ಮೇಲೆ ಶ್ರೀಮತಿಯವರು ಬಹಳ ವರ್ಷಗಳಲ್ಲಿ ಕಾಣದ ಹುರುಪಿನಿಂದ ಹೊರಗೆ ಬಂದರು. "ರೀ, ಹಾಗಾದ್ರೆ ಸುಲಭ ಆಯ್ತಲ್ಲ. ಮೂರು ತಿಂಗ್ಳು ಏನೂ ಮಾಡ್ದೆ ಸುಮ್ನೆ ಕೂತ್ಕೊಳಿ, ತಾನಾಗೇ ಒಳ್ಳೇ ರೇಟು ಬರುತ್ತೆ."

ರಾಯರು ಹೆಂಡತಿಯನ್ನು ನೋಡಿದ ನೋಟಕ್ಕೆ ಬೇರೆಯವರಾಗಿದ್ದರೆ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. "ಕೊಳಕು ಎಂಜಿನ್ ಇಟ್ಟು ಗಾಡಿ ಮಾರೋದೇ? ನಾಳೆ ಅವನು ಬಾನೆಟ್ ಎತ್ತಿ ನೋಡಿದ್ರೆ ನಮ್ಮ ಬಗ್ಗೆ ಏನಂದ್ಕೋತಾನೆ?" ಎಂದವರು ಅಡುಗೆಮನೆಯ ಕಡೆ ಹೊರಟರು. "ಗಿರಾಕಿ ಏರ್ ಫಿಲ್ಟರ್ ಮೇಲೆ ಬೆರಳು ಇಟ್ಬಿಟ್ಟ. ಸೋಡಾ ಡಬ್ಬ ಎಲ್ಲಿಟ್ಟಿದೀಯೆ?"