ನಡುಮನೆಯ ನಾದಶುದ್ಧಿ: ಲಕ್ಷಣ ಮತ್ತು ಪ್ರಯೋಗ

ಸದ್ದನ್ನು ಹೊರಗೂ ಬಿಡದೆ, ಒಳಗೂ ಸುಮ್ಮನಿರಗೊಡದೆ ಗೋಡೆಯಿಂದ ಗೋಡೆಗೆ ಅಟ್ಟುವ ಜಾಗಕ್ಕೆ ನಡುಮನೆಯೆಂದು ಹೆಸರು. ತುಮಕೂರಿನ ಸತ್ಯಮಂಗಲದಲ್ಲಿ ಇದರ ಶುದ್ಧ ಮಾದರಿ ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ್ದು. ಸಿಮೆಂಟು ಗೋಡೆ, ಗ್ರಾನೈಟ್ ನೆಲ, ತಲೆಯ ಮೇಲೆ ಆರ್‌ಸಿಸಿ. ಸಾಮಾನಿಲ್ಲದಾಗ ಇಲ್ಲಿ ತಟ್ಟಿದ ಚಪ್ಪಾಳೆ 60 ಡೆಸಿಬೆಲ್ ಇಳಿಯಲು ಸುಮಾರು ಮೂರು ಸೆಕೆಂಡ್ ಬೇಕು. ಗಾಯಕ ಮುಂದಿನ ಸಾಲಿಗೆ ಹೋದರೂ ಹಿಂದಿನ ಸಾಲು ಸಜ್ಜಾದ ಮೇಲೆಯೇ ಕೂತಿರುತ್ತದೆ.

1890ರ ದಶಕದಲ್ಲಿ ಹಾರ್ವರ್ಡಿನ ವ್ಯಾಲೇಸ್ ಸ್ಯಾಬೈನ್ ನಾಟಕಶಾಲೆಯ ಮೆತ್ತೆಗಳನ್ನು ರಾತ್ರೋರಾತ್ರಿ ಉಪನ್ಯಾಸದ ಕೋಣೆಗೆ ಹೊರಿಸಿ ಈ ಇಳಿತವನ್ನು ಅಳೆದ. ಕೊನೆಗೆ ತೆರೆದ ಕಿಟಕಿಯನ್ನೇ ಅಳತೆಗೋಲು ಮಾಡಿದ. ಅಲ್ಲಿಂದ ಹೊರಬಿದ್ದ ಸದ್ದು ಮರಳುವುದಿಲ್ಲವಷ್ಟೆ. ಸತ್ಯಮಂಗಲದ ಕಿಟಕಿ ಇದಕ್ಕೆ ಅಪವಾದ. ಒಂದು ಆಲಾಪ ಹೊರಗೆ ಹೋದರೆ, ಕೈಗಾರಿಕಾ ಪ್ರದೇಶಕ್ಕೆ ಹೊರಟ ಎರಡು ಲಾರಿಯ ಹಾರನ್ ಒಳಗೆ ಬರುತ್ತದೆ. ಸ್ಯಾಬೈನನ ಸೂತ್ರದ ಪ್ರಕಾರ ಮೂರು ಸೆಕೆಂಡನ್ನು ಅರ್ಧ ಸೆಕೆಂಡಿಗೆ ಇಳಿಸಲು ಹತ್ತಡಿಯ ಗೋಡೆಯೊಂದನ್ನು ಪೂರಾ ಕೆಡವಿದರೆ ಸಾಕು. ಬಾಡಿಗೆ ಕರಾರಿನಲ್ಲಿ ಇದಕ್ಕೆ ಅವಕಾಶವಿಲ್ಲದ ಕಾರಣ ಶಾಸ್ತ್ರವು ಪ್ರತಿನಿಧಿ ದ್ರವ್ಯಗಳನ್ನು ಒಪ್ಪುತ್ತದೆ: ಸುತ್ತಿಟ್ಟ ಹಾಸಿಗೆ ಉತ್ತಮ, ರಾಗಿ ಮೂಟೆ ಮಧ್ಯಮ, ಸ್ಟೀಲ್ ಬೀರು ಅಧಮ. ಬೀರು ಹೀರುವುದಿಲ್ಲ, ತಾನೂ ಹಾಡಲು ತೊಡಗುತ್ತದೆ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಈ ರಗಳೆಗೆ ಬೀಳಲಿಲ್ಲ. ಎದುರಿಗೆ ತುಂಬಿ ಕೂತ ಜನವೇ ಸದ್ದು ಹೀರುತ್ತಿದ್ದುದರಿಂದ ತಿದ್ದಬೇಕಾದದ್ದು ನಟರ ಗಂಟಲೊಂದೇ.

ಅಳತೆಯ ವಿಧಿ. ಕೇಳುಗನ ಕಿವಿಯೆತ್ತರಕ್ಕೆ ಮೈಕು ನಿಲ್ಲಿಸಿ, 20ರಿಂದ 20,000 ಹರ್ಟ್ಸ್‌ವರೆಗೆ ಏರುವ ಒಂದೆಳೆಯ ಸ್ವರವನ್ನು ಸ್ಪೀಕರಿನಲ್ಲಿ ಬಿಡಬೇಕು. ಮೊದಲು ಗುಮ್ಮೆನ್ನುತ್ತದೆ. 56ರ ಹತ್ತಿರ, ಅಗಲವೂ ಎತ್ತರವೂ ಒಂದೇ ಆದ ಪಾಪಕ್ಕೆ, ಕೋಣೆಯೇ ಊದಿಕೊಳ್ಳುತ್ತದೆ. ಆಮೇಲೆ ಬೀರುವಿನ ಮೇಲಿಟ್ಟ ಇಡ್ಲಿ ಪಾತ್ರೆಯ ಮುಚ್ಚಳ ಕಿಣಿಕಿಣಿ ಎನ್ನುತ್ತದೆ. ಕೊನೆಗೆ ಮನುಷ್ಯರಿಗೆ ಏನೂ ಕೇಳಿಸದೆ ಬೀದಿನಾಯಿ ಮಾತ್ರ ತಲೆಯೆತ್ತುತ್ತದೆ. ನಡುವೆ ಕುಕ್ಕರ್ ಕೂಗಿದರೆ ಅದೂ ಕೋಣೆಯ ಗುಣವೆಂದೇ ನಕ್ಷೆಗೆ ಏರುತ್ತದೆ. "ಏನ್ರೀ, ಮಿಕ್ಸಿ ಸುಟ್ಟೋಯ್ತಾ?" ಎಂಬ ಪಕ್ಕದ ಮನೆಯ ವಿಚಾರಣೆಗೂ ಅದೇ ಗತಿ.

ಸ್ಪೀಕರಿನ ಸದ್ದನ್ನು ತಿದ್ದುವಾಗ ನಕ್ಷೆಯ ಉಬ್ಬನ್ನು ತಗ್ಗಿಸಬಹುದು, ಹಳ್ಳವನ್ನು ತುಂಬಲಾಗದು. ಅಲೆಯೂ ಅದರ ಪ್ರತಿಫಲನವೂ ಒಂದನ್ನೊಂದು ನುಂಗುವ ಕಡೆ ಎಷ್ಟು ವಾಟ್ ಸುರಿದರೂ ನುಂಗುವ ತುತ್ತು ದೊಡ್ಡದಾಗುತ್ತದೆ, ಅಷ್ಟೇ. ಫಲವೂ ಮೈಕು ನಿಂತಿದ್ದ ಕುರ್ಚಿಗೆ ಮಾತ್ರ. ಆ ಕುರ್ಚಿ ಅಜ್ಜನದು. ಅವರು ಕೇಳುವುದು ಪ್ರದೇಶ ಸಮಾಚಾರ, ಅದೂ ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡು. ಅಷ್ಟು ಹತ್ತಿರದಲ್ಲಿ ನೇರ ಸದ್ದಿನ ಮುಂದೆ ಕೋಣೆಯ ಪಾಲು ಲೆಕ್ಕಕ್ಕೇ ಬಾರದ ಕಾರಣ, ಈ ಪಕ್ಷಕ್ಕೆ ಅಳತೆ ವಿಧಿಸಿಲ್ಲ.