ಒಂದು ಅನುಪಲಬ್ಧ ಕೃತಿಯ ಗುಣಗಾನ

ಕನ್ನಡ ಸಾಹಿತ್ಯ ಚರಿತ್ರೆ ಓದಿದವರಿಗೆ ಅನುಪಲಬ್ಧ ಕೃತಿಗಳ ಸಂಕಟ ಗೊತ್ತು. ಪೊನ್ನನ ‘ಭುವನೈಕ ರಾಮಾಭ್ಯುದಯ’ ಸಿಕ್ಕಿಲ್ಲ. ರನ್ನನ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳೂ ಸಿಕ್ಕಿಲ್ಲ. ಯಾರೋ ಹೆಸರು ಹೇಳಿದ್ದಾರೆಂದು ಅವು ಇದ್ದವೆಂದು ನಂಬಿದೆವು, ಪರೀಕ್ಷೆಯಲ್ಲಿ ಬರೆದು ಒಂದೊಂದು ಅಂಕವನ್ನೂ ಗಿಟ್ಟಿಸಿದೆವು. ಈ ಪಂಕ್ತಿಗೆ ಈಚೆಗೆ ಇನ್ನೊಂದು ಮಹಾಕೃತಿ ಬಂದು ಕೂತಿದೆ. ಅದಕ್ಕೊಂದು ಶಾಲು, ಒಂದು ಹಾರ, ಒಂದು ಮೈಸೂರು ಪೇಟ ಇನ್ನೂ ಸಂದಿಲ್ಲವಲ್ಲ ಎಂಬ ಕೊರಗಿನಿಂದ ಈ ನಾಲ್ಕು ಮಾತು.

ಕೃತಿಯ ಹೆಸರು ‘ಅಧಿಸೂಚನೆ ಸಂಖ್ಯೆ 405/12/88-ಕಸ್ಟಮ್ಸ್-3’. ಕಾಲ, 1988ರ ಅಕ್ಟೋಬರ್ 5. ಸ್ಥಳ ದೆಹಲಿ. ಆಶ್ರಯದಾತರು ರಾಜೀವ್ ಗಾಂಧಿಯವರ ಸರ್ಕಾರ. ವಸ್ತು, ಸಲ್ಮಾನ್ ರಶ್ದಿಯವರ ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯನ್ನು ಯಾರೂ ಈ ದೇಶದೊಳಕ್ಕೆ ತರಕೂಡದು ಎಂಬುದು.

ಮೊದಲು ವೇಗವನ್ನು ಮೆಚ್ಚಬೇಕು. ಕಾದಂಬರಿ ಲಂಡನ್ನಿನಲ್ಲಿ ಹೊರಬಂದದ್ದು ಅದೇ ವರ್ಷದ ಸೆಪ್ಟೆಂಬರ್ 26ಕ್ಕೆ. ಐನೂರು ಚಿಲ್ಲರೆ ಪುಟದ ಪುಸ್ತಕ. ಒಂಬತ್ತೇ ದಿನದಲ್ಲಿ ನಮ್ಮವರು ಅದನ್ನು ಅರೆದು ಕುಡಿದು, ಸಾಧಕ ಬಾಧಕ ತೂಗಿ, ಕಡತ ಮಾಡಿ, ಮೇಜಿನಿಂದ ಮೇಜಿಗೆ ದಾಟಿಸಿ, ಸಹಿ ಹಾಕಿಸಿದರು. ನಮ್ಮೂರ ಹಳ್ಳದ ಮೋರಿಗೆ ಮಂಜೂರಾತಿ ಬರಲು ಹನ್ನೊಂದು ವರ್ಷ ಹಿಡಿಯಿತು. ಇರಾನಿನ ಆಯತೊಲ್ಲಾ ಖೊಮೇನಿ ಫತ್ವಾ ಹೊರಡಿಸಿದ್ದಾದರೂ 1989ರ ಫೆಬ್ರವರಿ 14ಕ್ಕೆ, ಅಂದರೆ ನಮಗಿಂತ ನಾಲ್ಕು ತಿಂಗಳು ಹಿಂದೆ ಬಿದ್ದು. ಯಾವುದರಲ್ಲೂ ಭಾರತ ಮೊದಲಿಲ್ಲ ಎಂದು ಮೂಗು ಮುರಿಯುವವರು ಇದನ್ನು ಬರೆದಿಟ್ಟುಕೊಳ್ಳಲಿ.

ಇಷ್ಟು ಚುರುಕಾಗಲು ಗುಟ್ಟೇನು? ಓದುವ ಕೆಲಸವನ್ನು ಕೈಬಿಟ್ಟದ್ದು. ಪುಸ್ತಕದ ವಿರುದ್ಧ ಮುಂದೆ ನಿಂತ ಸಂಸದ ಸೈಯದ್ ಶಹಾಬುದ್ದೀನ್, ತಾವು ಅದನ್ನು ಓದಿಲ್ಲವೆಂದು ಪತ್ರಿಕೆಯಲ್ಲೇ ಬರೆದರು. ಹೊಲಸು ಎಂದು ತಿಳಿಯಲು ಚರಂಡಿಗೆ ಇಳಿಯಬೇಕಾಗಿಲ್ಲ ಎಂಬುದು ಅವರ ವಾದದ ಸಾರ. ಎಂಥ ಪ್ರಾಮಾಣಿಕತೆ ನೋಡಿ! ನಮ್ಮಲ್ಲಿ ಪುಸ್ತಕ ಬಿಡುಗಡೆಗೆ ಬರುವ ಅಧ್ಯಕ್ಷರೂ ಓದಿರುವುದಿಲ್ಲ. ಆದರೆ ಅದನ್ನು ಒಪ್ಪಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ? ಬೆನ್ನುಡಿಯಲ್ಲಿದ್ದದ್ದನ್ನೇ ಹಿಂದುಮುಂದಾಗಿ ಹೇಳಿ ಊಟಕ್ಕೆ ಏಳುತ್ತಾರೆ.

ಶೈಲಿಯ ವಿಷಯಕ್ಕೆ ಬಂದರೆ, ಕೃತಿ ಹುಟ್ಟಿದ ನೆಲ 1962ರ ಕಸ್ಟಮ್ಸ್ ಕಾಯ್ದೆಯ 11ನೇ ಕಲಮು. ಕಳ್ಳಸಾಗಣೆ ತಡೆಯಲು, ವಿದೇಶೀ ವಿನಿಮಯ ಉಳಿಸಲು, ಜನ, ಜಾನುವಾರು, ಗಿಡಮರಗಳ ಆರೋಗ್ಯ ಕಾಯಲು ಒದಗಿ ಬರುವ ಕಲಮು ಅದು. ಚಿನ್ನದ ಬಿಸ್ಕತ್ತು ಹುಡುಕುವ ಕೈಗೇ ಕಾದಂಬರಿಯನ್ನೂ ಒಪ್ಪಿಸಿದ್ದು ಸಾಹಿತ್ಯಕ್ಕೆ ಸಂದ ಗೌರವವೇ. ಚಿನ್ನದ ಪಕ್ಕದಲ್ಲಿ ನಮ್ಮ ಪುಸ್ತಕಗಳನ್ನು ಬೇರೆ ಯಾರು ಇಟ್ಟಾರು? ಇನ್ನೂ ಸೂಕ್ಷ್ಮ ಸಂಗತಿಯೆಂದರೆ, ಓದಬೇಡಿ ಎಂದು ಎಲ್ಲೂ ಇಲ್ಲ, ತರಬೇಡಿ ಎಂದಷ್ಟೆ. ತಟ್ಟೆಗೆ ಕೈ ಹಾಕಬೇಡ ಎನ್ನದೆ ಅಡುಗೆಮನೆಗೆ ಬೀಗ ಹಾಕುವ ಸೌಜನ್ಯ ಇದು. ಸಾಲದ್ದಕ್ಕೆ, ಈ ನಿಷೇಧದಿಂದ ಕೃತಿಯ ಸಾಹಿತ್ಯಿಕ ಗುಣಕ್ಕೆ ಕುಂದಿಲ್ಲವೆಂದೂ ಹಣಕಾಸು ಮಂತ್ರಾಲಯ ಹೇಳಿತು. ಒಳ್ಳೆಯ ವಿಮರ್ಶೆಗೆ ಕೃತಜ್ಞ ಎಂದು ರಶ್ದಿ ಪ್ರಧಾನಿಗೆ ಬರೆದ ಬಹಿರಂಗ ಪತ್ರದಲ್ಲಿ ಉತ್ತರ ಕೊಟ್ಟರು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಪಟ್ಟಿಗಾಗಿ ವರ್ಷಗಟ್ಟಲೆ ಕಾಯುವ ಕನ್ನಡ ಲೇಖಕ ಇದನ್ನು ಓದಿ ಹೊಟ್ಟೆ ಉರಿದುಕೊಂಡರೆ ತಪ್ಪಿಲ್ಲ. ಹಣಕಾಸು ಮಂತ್ರಾಲಯ ಅವನ ಯಾವ ಪುಸ್ತಕದ ಗುಣವನ್ನು ಎತ್ತಿ ಆಡಿದೆ?

ಇಲ್ಲಿ ನಮ್ಮ ರಾಜ್ಯದ ಎಡವಟ್ಟೊಂದನ್ನು ನೆನೆಯಬೇಕು. 1990ರ ದಶಕದಲ್ಲಿ ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ಕರ್ನಾಟಕ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಹಾಕಿಕೊಳ್ಳಲಿ, ಅದಕ್ಕೇನಂತೆ. ಆದರೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನ ದಾರಿ ಹಿಡಿಯಿತು. ಆ ದಾರಿಯಲ್ಲಿ ಹೋದವರು ಕಾರಣ ಬರೆಯಲೇಬೇಕಿತ್ತು. ಕಾರಣ ಬರೆದರೆ ಅದನ್ನು ಯಾರಾದರೂ ಓದುತ್ತಾರೆ, ಓದಿದರೆ ಪ್ರಶ್ನಿಸುತ್ತಾರೆ. ಸಾಹಿತಿಗಳು ಕೋರ್ಟಿಗೆ ಹೋದರು, ಮಾತು ಬೆಳೆಯಿತು, ಸುಪ್ರೀಂ ಕೋರ್ಟು 2007ರಲ್ಲಿ ಸರ್ಕಾರದ ಪರವಾಗಿ ಹೇಳುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಗೆದ್ದರು, ನಿಜ. ಆದರೆ ದೆಹಲಿಯ ಕೃತಿಕಾರನ ಎದುರು ಇವರು ಇನ್ನೂ ಕಾಗುಣಿತ ತಿದ್ದುವವರು.

ಏಕೆಂದರೆ ಆ ಮಹಾಕೃತಿ ಯಾವ ಕಣ್ಣಿಗೂ ಬೀಳದೆ ಮೂವತ್ತಾರು ವರ್ಷ ದೇಶವನ್ನು ಆಳಿತು. ಅಂಗಡಿಯವರು ಪುಸ್ತಕ ತರಿಸಲಿಲ್ಲ. 2012ರ ಜನವರಿಯಲ್ಲಿ ಜೈಪುರದ ಸಾಹಿತ್ಯೋತ್ಸವಕ್ಕೆ ರಶ್ದಿ ಬರುವುದು ತಪ್ಪಿದಾಗ, ನಾಲ್ವರು ಲೇಖಕರು ವೇದಿಕೆಯಲ್ಲಿ ಆ ಕಾದಂಬರಿಯ ಕೆಲವು ಭಾಗ ಓದಿದರು. ಆಮೇಲೆ ಅವರು ಊರನ್ನೇ ಬಿಡಬೇಕಾಯಿತು. ಆ ಗದ್ದಲದಲ್ಲಿ, ಮೂಲ ಆದೇಶದಲ್ಲಿ ಏನಿದೆ ಎಂದು ಒಂದು ನಕಲು ಪ್ರತಿ ತೆಗೆದು ನೋಡುವ ಬುದ್ಧಿ ಯಾರಿಗೂ ಬಂದಂತಿಲ್ಲ.

ನನಗೂ ಬಂದಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಲೈಬ್ರರಿಯಲ್ಲಿ ಆ ಕಾದಂಬರಿಯ ಹೆಸರೆತ್ತಿದೆ. ಅಲ್ಲಿದ್ದ ಹಿರಿಯರು ಕನ್ನಡಕ ಕೆಳಗಿಳಿಸಿ, “ಅದು ಬ್ಯಾನ್ ಆಗಿದೆ ಕಣಯ್ಯಾ” ಎಂದರು. ಕಳ್ಳ ಸಿಕ್ಕಿಬಿದ್ದ ಹಾಗೆ ನಾಚಿ, ತೇಜಸ್ವಿಯವರದೊಂದು ಪುಸ್ತಕ ಹಿಡಿದುಕೊಂಡು ಹೊರಟೆ. ಕಾಣದ ಒಂದು ಹಾಳೆಗೆ ಇಷ್ಟು ವಿಧೇಯನಾಗಿದ್ದೆನಲ್ಲ ಎಂದು ಈಗಲೂ ನನಗೆ ನನ್ನ ಮೇಲೆ ಅಭಿಮಾನ.

ಕೊನೆಗೆ ಒಬ್ಬ ಓದುಗರಿಗೆ ಆ ಹಾಳೆಯನ್ನು ಕಾಣುವ ಆಸೆ ಹುಟ್ಟಿತು. 2019ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಯಿತು. ಇಲಾಖೆಗಳು ಕಪಾಟು ಜಾಲಾಡಿದವು, ಕಡತ ಕೊಡವಿದವು. ಐದು ವರ್ಷ ಹುಡುಕಿದರೂ ಸಿಗಲಿಲ್ಲ. ಬರೆದರೆನ್ನಲಾದ ಕಚೇರಿಯೇ ಪ್ರತಿ ಕೊಡಲಾಗದೆ ಕೈಚೆಲ್ಲಿತು. 2024ರ ನವೆಂಬರ್ 5ರಂದು ನ್ಯಾಯಪೀಠ, ಅಂಥ ಅಧಿಸೂಚನೆಯೇ ಇಲ್ಲವೆಂದು ಭಾವಿಸದೆ ಬೇರೆ ದಾರಿಯಿಲ್ಲ ಎಂದಿತು. ಪೊನ್ನನಿಗೂ ರನ್ನನಿಗೂ ಸಿಗದ ಪದವಿ! ಅವರ ಕೃತಿಗಳು ಕಳೆದುಹೋಗಿವೆ ಎನ್ನುತ್ತೇವೆ, ಅಷ್ಟೆ. ಹುಟ್ಟೇ ಇಲ್ಲವೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಹಸ್ತಪ್ರತಿಯಿದ್ದರೆ ದಯವಿಟ್ಟು ತಿಳಿಸಿ, ಗೆದ್ದಲು ತಿಂದಿದ್ದರೂ ಚಿಂತೆಯಿಲ್ಲ, ಸಂಪಾದನೆ ಮಾಡಿಕೊಡುವ ವಿದ್ವಾಂಸರು ನಮ್ಮಲ್ಲಿದ್ದಾರೆ.

ಮರು ತಿಂಗಳೇ ದೆಹಲಿಯ ಅಂಗಡಿಯೊಂದರಲ್ಲಿ ಕಾದಂಬರಿ 1,999 ರೂಪಾಯಿಗೆ ಮಾರಾಟಕ್ಕೆ ಬಂತೆಂದು ಪತ್ರಿಕೆಯಲ್ಲಿ ಓದಿದೆ. ಇಲ್ಲಿಯೂ ಸಿಕ್ಕೀತೇನೋ ಎಂದು ನಾನು ಸದಾ ಹೋಗುವ ಅಂಗಡಿಯಲ್ಲಿ ಕೇಳಿದೆ. ಕೌಂಟರಿನ ಹುಡುಗ ಹುಟ್ಟುವ ಮೊದಲಿನ ಸಂಗತಿ ಇದು. ಆದರೂ ಅವನು ಕಂಪ್ಯೂಟರಿನತ್ತ ತಿರುಗಿಯೂ ನೋಡಲಿಲ್ಲ.

“ಅದು ಬ್ಯಾನ್ ಅಲ್ವಾ ಸಾರ್?” ಎಂದ.

ಆದೇಶ ತೋರಿಸು ಎನ್ನಬಹುದಿತ್ತು. ಹೌದಲ್ಲವೇ ಎಂದು ತಲೆಯಾಡಿಸಿ, ಎರಡು ಬಾಲ್ ಪೆನ್ನು ತೆಗೆದುಕೊಂಡು ಮನೆಗೆ ಬಂದೆ.