ಒಂದು ದೀರ್ಘ ಷಷ್ಠಿ

ವಿಮಾನ ನಿಲ್ದಾಣದ ಸಮೀಪದಲ್ಲಿ ವಾಸಿಸುವವರಿಗೆ ವಿಮಾನಯಾನ ಸುಲಭವೆಂದು ಭಾವಿಸುವುದು, ಸ್ಮಶಾನದ ಪಕ್ಕದಲ್ಲಿ ಮನೆಮಾಡಿದವನಿಗೆ ಮೋಕ್ಷ ಸುಲಭವೆಂದು ಭಾವಿಸಿದಷ್ಟೇ ಅವಿಚಾರದ ಮಾತು. ನಮ್ಮ ತೂಬಗೆರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ. ಒಂದು ದಿಕ್ಕಿಗೆ ನಂದಿಯ ಬೆಟ್ಟಸಾಲು, ಇನ್ನೊಂದು ದಿಕ್ಕಿಗೆ ಘಾಟಿ ಸುಬ್ರಹ್ಮಣ್ಯನ ಕ್ಷೇತ್ರ, ನಡುವೆ ರಾಗಿಯ ಹೊಲ, ಹಲಸಿನ ಮರ, ಈಚೆಗೆ ದ್ರಾಕ್ಷಿಯ ಚಪ್ಪರ. 2008ನೆಯ ಇಸವಿಯ ಮೇ 24ರಂದು ದೇವನಹಳ್ಳಿಯ ಸೀಮೆಯಲ್ಲಿ ಹೊಸ ವಿಮಾನ ನಿಲ್ದಾಣದ ಬಾಗಿಲು ತೆರೆದ ತರುವಾಯ, ಹಲಸಿನ ನೆರಳಿನಲ್ಲಿ ಅಂಗಾತ ಮಲಗಿದ ನಮ್ಮೂರ ಕುರಿಗಾಹಿಯೂ ಆಕಾಶದಲ್ಲಿ ಹೋಗುವ ವಿಮಾನದ ಬಾಲದ ಬಣ್ಣ ನೋಡಿ ಇದು ಇಂಥ ದೇಶದ್ದೆಂದು ಹೇಳಬಲ್ಲವನಾದನು. ಆದರೆ ಆ ವಿಮಾನದ ಹೊಟ್ಟೆಯೊಳಗೆ ಕುಳಿತು, ವೃದ್ಧೆಯಾದ ತಾಯಿಯನ್ನೂ ಪತ್ನಿಯನ್ನೂ ಎರಡು ಮಕ್ಕಳನ್ನೂ ಕಟ್ಟಿಕೊಂಡು, ಭೂಮಂಡಲದ ಆಚೆಯ ಬದಿಯನ್ನು ಮುಟ್ಟುವ ವಿದ್ಯೆ ಬೇರೆ. ಅದು ಅಂಗಾತ ಮಲಗಿದ್ದವನಿಗೆ ಒಲಿಯತಕ್ಕದ್ದಲ್ಲ.

ಕ್ಯಾಲಿಫೋರ್ನಿಯದ ಫ್ರೀಮಾಂಟಿನಲ್ಲಿ ನೆಲಸಿರುವ ನನ್ನ ತಮ್ಮ ಬಹುಕಾಲದಿಂದ ಕರೆಯುತ್ತಿದ್ದನು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಮುಪ್ಪಿನಲ್ಲಿ ಆ ದೇಶಕ್ಕೆ ಹೋಗಿಬಂದು, ‘ಅಮೆರಿಕಾದಲ್ಲಿ ಗೊರೂರು’ ಎಂಬ ಪುಸ್ತಕ ಬರೆದು, 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆದ ಮೇಲೆ, ಮಕ್ಕಳು ಅಲ್ಲಿರುವ ಕನ್ನಡದ ತಾಯಿತಂದೆಗಳಿಗೆ ಹೋಗದೆ ಉಳಿಯಲು ಗೌರವಯುತವಾದ ನೆಪವೇ ಇಲ್ಲವಾಗಿದೆ. ತಮ್ಮನು ಟಿಕೀಟು ಕಳುಹಿಸಿದನು. ಶನಿವಾರ ಬೆಳಗಿನ ಝಾವ ಮೂರಕ್ಕೆ ಬೆಂಗಳೂರು ಬಿಡುವುದು. ಫ್ರಾಂಕ್‌ಫರ್ಟಿನಲ್ಲಿ ಇಳಿದು ಕಾಯುವುದು. ಅಲ್ಲಿಂದ ಇನ್ನೊಂದು ವಿಮಾನ ಹಿಡಿದು ಸಾನ್ ಫ್ರಾನ್ಸಿಸ್ಕೋ. ದರ ಕಡಿಮೆಯಾದ ದಿನವನ್ನು ಅವನು ಹುಡುಕಿದ್ದನೇ ಹೊರತು ಪಂಚಾಂಗವನ್ನು ತೆರೆದಿರಲಿಲ್ಲ. ಆ ಶನಿವಾರ ಶುದ್ಧ ಷಷ್ಠಿ.

ನಮ್ಮ ತಾಯಿ ಪ್ರತಿ ತಿಂಗಳ ಶುದ್ಧ ಷಷ್ಠಿಯಂದು ಘಾಟಿಯ ಸ್ವಾಮಿಯ ಹೆಸರಿನಲ್ಲಿ ಉಪವಾಸವಿರತಕ್ಕವಳು. ಸೂರ್ಯನಿರುವಷ್ಟು ಹೊತ್ತು ನೀರಿನ ಹೊರತು ಏನೂ ಇಲ್ಲ. ಸೂರ್ಯಾಸ್ತವಾಗಿ, ದೀಪ ಹಚ್ಚಿ, ಕೈಮುಗಿದ ಮೇಲೆ ಒಂದು ಫಲಾಹಾರ. “ಅಮ್ಮ, ಪ್ರಯಾಣದಲ್ಲಿ ವ್ರತ ಬಿಟ್ಟರೆ ದೋಷವಿಲ್ಲ” ಎಂದು ನಾನು ಶಾಸ್ತ್ರವನ್ನು ಸ್ವಲ್ಪ ಸಡಿಲಿಸಿ ನೋಡಿದೆನು. “ಒಂದು ಹಗಲು ಅಷ್ಟೇ ತಾನೆ, ಕೂತಲ್ಲೇ ಕಳೆದುಹೋಗುತ್ತೆ ಬಿಡೋ” ಎಂದಳು. ಹಗಲು ಎಂಬುದು ಎಲ್ಲ ಕಡೆಯಲ್ಲಿಯೂ ಒಂದೇ ಅಳತೆಯ ವಸ್ತುವೆಂಬ ನಂಬಿಕೆ ಆಗ ಅವಳಿಗೆ ಇತ್ತು.

ಹೊರಡುವ ಮುನ್ನ ಘಾಟಿಗೆ ಹೋಗಿಬಂದೆವು. ಅಲ್ಲಿ ಒಂದೇ ಶಿಲೆಯಲ್ಲಿ ಪೂರ್ವಾಭಿಮುಖವಾಗಿ ಏಳು ಹೆಡೆಯ ಸುಬ್ರಹ್ಮಣ್ಯನೂ ಪಶ್ಚಿಮಾಭಿಮುಖವಾಗಿ ನರಸಿಂಹನೂ ಇರುವುದನ್ನೂ, ಹಿಂದಿನ ದೇವರ ದರ್ಶನ ಮುಂದಿನವರಿಗೂ ಆಗಲೆಂದು ಕನ್ನಡಿ ಇಟ್ಟಿರುವುದನ್ನೂ ಬಲ್ಲವರು ಬಲ್ಲರು. ಅಮ್ಮ ದೇವತೆಗಳಿಗೆ ಕೆಲಸವನ್ನು ಹಂಚಿಕೊಟ್ಟಳು: ಹೋಗುವುದು ಪಶ್ಚಿಮಕ್ಕೆ, ಆದ್ದರಿಂದ ಅದರ ಭಾರ ನರಸಿಂಹನದು, ಬರುವುದು ಪೂರ್ವಕ್ಕೆ, ಅದು ಸುಬ್ರಹ್ಮಣ್ಯನ ಪಾಲು.

ಸಾಮಾನು ಕಟ್ಟಿದ ವೃತ್ತಾಂತವನ್ನು ವಿಸ್ತರಿಸಲಾರೆ. ತಲೆಗೆ ಇಪ್ಪತ್ತಮೂರು ಕಿಲೋ ತೂಕದ ಎರಡು ಪೆಟ್ಟಿಗೆಗಳೆಂಬ ವಿಧಿಯಂತೆ, ಹಲಸಿನ ಕಾಯಿ ತೂಗುವ ಕೊಕ್ಕೆಯ ತಕ್ಕಡಿಯನ್ನು ನೆರೆಮನೆಯಿಂದ ತಂದು, ತೊಲೆಗೆ ಕಟ್ಟಿ, ಒಂದೊಂದನ್ನೇ ತೂಗಿದೆವು. ಹಲಸಿನ ಹಪ್ಪಳಕ್ಕೆ ಎಲ್ಲರ ಸಮ್ಮತಿಯಿತ್ತು. ಕೊಬ್ಬರಿ ಗಿಟುಕಿನ ವಿಷಯದಲ್ಲಿ ಮಾತ್ರ ನಿಲ್ದಾಣದಲ್ಲಿ ವಾದವಾಯಿತು. ಎಣ್ಣೆಯ ಅಂಶ ಹೆಚ್ಚಾಗಿರುವುದರಿಂದ ತಾನೇ ಕಾವು ಏರಿ ಹೊತ್ತಿಕೊಳ್ಳಬಲ್ಲ ಪದಾರ್ಥವೆಂದು ವಿಮಾನಯಾನದ ಅಪಾಯಕರ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿಗೂ ಒಂದು ಸ್ಥಾನವುಂಟು. “ನಮ್ಮ ಅಟ್ಟದ ಮೇಲೆ ನನ್ನ ಮದುವೆಯಾದಾಗಿನಿಂದ ಕೊಬ್ಬರಿ ಇದೆ, ಒಂದು ದಿನವಾದರೂ ಮನೆ ಉರಿದಿದೆಯೇನಮ್ಮ?” ಎಂದು ಅಮ್ಮ ಅಲ್ಲಿದ್ದ ಹುಡುಗಿಯನ್ನು ಕೇಳಿದಳು. ಹುಡುಗಿ ನಕ್ಕಳು, ಕೊಬ್ಬರಿ ಇಳಿಯಿತು.

ನಮ್ಮೂರಿನಿಂದ ನಿಲ್ದಾಣಕ್ಕೆ ಒಂದು ಗಂಟೆಯ ದಾರಿಯೂ ಇಲ್ಲವಾದರೂ, ಮೂರಕ್ಕೆ ಹೊರಡುವ ವಿಮಾನಕ್ಕಾಗಿ ರಾತ್ರಿ ಒಂಬತ್ತಕ್ಕೇ ಹೊರಟೆವು. ಬೀಳ್ಕೊಡಲು ಬಂದಿದ್ದ ಬಂಧುಗಳಿಗೆ ನಿದ್ರೆ ಬರುತ್ತಿತ್ತೆಂಬುದು ಇದಕ್ಕೆ ಮುಖ್ಯ ಕಾರಣ. ನಿಲ್ದಾಣದ ಅಂಗಳದಲ್ಲಿ ಕೆಂಪೇಗೌಡರ ನೂರೆಂಟು ಅಡಿಯ ಪ್ರತಿಮೆ ದೀಪಗಳ ನಡುವೆ ನಿಂತಿತ್ತು. ನೂರೆಂಟು ಎಂಬ ಸಂಖ್ಯೆಯನ್ನು ಕೇಳಿ ಅಮ್ಮ ಅಲ್ಲಿಯೂ ಕೈಮುಗಿದಳು.

ಒಳಗೆ ಕುಳಿತು, ಇಷ್ಟು ಮಂದಿ ಸಜ್ಜನರು ಇಂತಹ ಅಕಾಲದಲ್ಲಿ ಏತಕ್ಕೆ ಪ್ರಯಾಣ ಮಾಡಬೇಕು ಎಂಬುದನ್ನು ಯೋಚಿಸಿದೆನು. ಉತ್ತರ ಸರಳವಾಗಿದೆ. ಫ್ರಾಂಕ್‌ಫರ್ಟಿನ ಸುತ್ತ ವಾಸಿಸುವ ಜನ ತಮ್ಮ ನಿದ್ರೆಗೆ ಭಂಗ ಬರುತ್ತದೆಂದು ಬಹುಕಾಲ ಹೋರಾಡಿದುದರ ಫಲವಾಗಿ, 2011ರಿಂದ ಅಲ್ಲಿ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ವಿಮಾನಗಳ ಏರಿಳಿತಕ್ಕೆ ನಿಷೇಧವಿದೆ. ನಾವು ಮರ್ಯಾದಸ್ಥರಂತೆ ಸಂಜೆ ಎಂಟಕ್ಕೆ ಹೊರಟೆವೆಂದರೆ ಅಲ್ಲಿಗೆ ಸೇರುವುದು ರಾತ್ರಿ ಎರಡರ ಹೊತ್ತಿಗೆ, ಇಳಿಯಲು ಅಪ್ಪಣೆಯಿಲ್ಲ. ಝಾವ ಮೂರಕ್ಕೆ ಹೊರಟರೆ ಅವರು ಎದ್ದು, ಹಲ್ಲುಜ್ಜಿ, ಕಾಫಿ ಮುಗಿಸುವ ಹೊತ್ತಿಗೆ ಸರಿಯಾಗಿ ಹೋಗಿ ಇಳಿಯಬಹುದು. ಅಮೆರಿಕಕ್ಕೆ ಹೋಗುವ ವಿಮಾನಗಳೂ ಆಗಲೇ ಸಿದ್ಧವಾಗಿರುತ್ತವೆ. ಅವರನ್ನು ದೂರುವುದಕ್ಕೆ ನನಗೆ ಬಾಯಿಲ್ಲ. ನಿದ್ರೆಗಾಗಿ ಕೋರ್ಟಿನ ಮೆಟ್ಟಿಲೇರಿದ ಜನರನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೂ ಜಗತ್ತಿನಲ್ಲಿ ನಿದ್ರೆಯ ಮೊತ್ತ ಇಷ್ಟೇ ಎಂದು ನಿಗದಿಯಾಗಿದ್ದು, ಅವರು ಹೆಚ್ಚಾಗಿ ತೆಗೆದುಕೊಂಡ ಪಾಲು ತೂಬಗೆರೆಯ ಲೆಕ್ಕದಲ್ಲಿ ಖರ್ಚು ಬಿದ್ದಂತೆ ಆ ರಾತ್ರಿ ನನಗೆ ತೋರಿತು.

ವಿಮಾನ ಏರಿತು. ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಟ್ಟಿರುತ್ತಾರೆ. ನಮ್ಮ ನಂದಿಬೆಟ್ಟದ ಎತ್ತರ ಐದು ಸಾವಿರ ಅಡಿಯನ್ನೂ ಮುಟ್ಟುವುದಿಲ್ಲ. ಎಂದರೆ, ಕುರ್ಚಿಗೆ ಪಟ್ಟಿ ಬಿಗಿದುಕೊಂಡು, ಮೊಣಕಾಲನ್ನು ಗದ್ದಕ್ಕೆ ತಗಲಿಸಿಕೊಂಡು, ನಂದಿಯ ಶಿಖರಕ್ಕಿಂತಲೂ ಎತ್ತರವಾದ ಸ್ಥಳದಲ್ಲಿ, ಅಲ್ಲಿಯ ಮಂಜಾಗಲಿ ತಂಗಾಳಿಯಾಗಲಿ ಬಿಸಿ ಬೋಂಡವಾಗಲಿ ಇಲ್ಲದೆ, ಹತ್ತು ಗಂಟೆ ಕಾಲ ವಾಸಮಾಡುವುದಕ್ಕೆ ವಿಮಾನಯಾನವೆಂದು ಹೆಸರು. ಆ ಒಣಹವೆಯಲ್ಲಿ ನಾಲಗೆಗೆ ಉಪ್ಪು, ಸಿಹಿಗಳ ರುಚಿ ಮಂಕಾಗುತ್ತದೆಂದೂ, ಟೊಮ್ಯಾಟೊವಿನ ರಸ ಮಾತ್ರ ನೆಲದ ಮೇಲಿದ್ದುದಕ್ಕಿಂತ ರುಚಿಸುತ್ತದೆಂದೂ ಜರ್ಮನಿಯ ವಿಜ್ಞಾನಿಗಳು ಪರೀಕ್ಷಿಸಿ ಕಂಡುಕೊಂಡಿದ್ದಾರೆ. ಇಷ್ಟು ತಿಳಿದಮೇಲೂ ಅದಕ್ಕೆ ಒಂದು ಇಂಗು ಸಾಸಿವೆಯ ಒಗ್ಗರಣೆ ಕೊಟ್ಟು ತಿಳಿಸಾರು ಮಾಡಿ ಬಡಿಸಬೇಕೆಂಬುದು ಯಾರಿಗೂ ಹೊಳೆದಿಲ್ಲ. ವಿಜ್ಞಾನ ಎಷ್ಟೋ ಸಲ ಅಡುಗೆಮನೆಯ ಹೊಸ್ತಿಲಿನವರೆಗೆ ಬಂದು ಹಿಂದಿರುಗುತ್ತದೆ.

ಕುಟುಂಬದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ವ್ರತವಿತ್ತು. ಪತ್ನಿಯದು ಪಾಸ್‌ಪೋರ್ಟುಗಳನ್ನು ಎಣಿಸುವುದು; ನಿದ್ದೆಗಣ್ಣಿನಲ್ಲಿಯೂ ಅವಳ ಕೈ ಚೀಲದೊಳಗೆ ಇಳಿದು ಜಪಸರವನ್ನು ತಿರುಗಿಸುವಂತೆ ಐದನ್ನೂ ಮುಟ್ಟಿ ಮೇಲೆ ಬರುತ್ತಿತ್ತು. ಮಗನದು ಎದುರಿನ ಪರದೆಯ ಭೂಪಟದಲ್ಲಿ ವಿಮಾನದ ಬಿಂಬವನ್ನು ರೆಪ್ಪೆ ಮುಚ್ಚದೆ ನೋಡಿ, ಪ್ರತಿಯೊಂದು ಊರಿನ ಹೆಸರನ್ನೂ ಗಟ್ಟಿಯಾಗಿ ಓದಿ, ಹತ್ತಿರದವರನ್ನು ಎಬ್ಬಿಸುವುದು. ಮಗಳು ಕುಳಿತಿರುವಷ್ಟು ಹೊತ್ತೂ ಎಚ್ಚರವಾಗಿದ್ದು, ಇಳಿಯಬೇಕಾದ ಮುಹೂರ್ತಕ್ಕೆ ಸರಿಯಾಗಿ ಗಾಢನಿದ್ರೆಗೆ ಸಂದಳು. ಅಮ್ಮನ ಕೈಗಡಿಯಾರ ತೂಬಗೆರೆಯ ಕಾಲವನ್ನೇ ತೋರಿಸುತ್ತಿತ್ತು. ಅದನ್ನು ತಿರುಗಿಸಲು ಅವಳು ಯಾರಿಗೂ ಬಿಡಲಿಲ್ಲ. ಮಾತ್ರೆ, ಜಪ, ಮಧ್ಯಾಹ್ನದ ತೂಕಡಿಕೆ, ಎಲ್ಲವೂ ಅದರಂತೆ ನಡೆದುವು. ನಮ್ಮೈವರಲ್ಲಿ ಸ್ಥಿತಪ್ರಜ್ಞೆಯೆನ್ನತಕ್ಕವಳು ಅವಳೊಬ್ಬಳೇ.

ಫ್ರಾಂಕ್‌ಫರ್ಟಿನಲ್ಲಿ ಅಮ್ಮನಿಗಾಗಿ ಗಾಲಿಕುರ್ಚಿ ಕಾದಿತ್ತು. ವೃದ್ಧರಿಗೆ ಅದನ್ನು ಕೇಳಿಕೊಂಡರೆ ಭಾಷೆ ಬಾರದ ದೇಶದಲ್ಲಿ ದಾರಿ ತೋರಿಸುವವರೊಬ್ಬರು ಸಿಕ್ಕಂತಾಗುತ್ತದೆಂಬ ಗುಟ್ಟು ನಮ್ಮ ಕಡೆಯ ಮಕ್ಕಳೆಲ್ಲರಿಗೂ ಗೊತ್ತು. ಆದರೆ ಘಾಟಿಗೆ ಎಷ್ಟೋ ಷಷ್ಠಿಗಳಂದು ನಡೆದೇ ಹೋಗಿಬಂದ ಕಾಲುಗಳು ಅವು. “ನನಗೇನಾಗಿದೆ ಇದರಲ್ಲಿ ಕೂರೋದಕ್ಕೆ?” ಎಂದವಳೇ, ನಿದ್ರಿಸುತ್ತಿದ್ದ ಮೊಮ್ಮಗಳನ್ನು ಅದರಲ್ಲಿ ಮಲಗಿಸಿ, ಅವಳ ತೊಡೆಯ ಮೇಲೆ ಎರಡು ಚೀಲಗಳನ್ನು ಇರಿಸಿ, ತಾನು ಮುಂದೆ ಮುಂದೆ ನಡೆದಳು. ಕುರ್ಚಿಯನ್ನು ತಳ್ಳಬೇಕಾಗಿದ್ದ ಎತ್ತರದ ಮನುಷ್ಯ ಕೈಯಲ್ಲಿದ್ದ ಚೀಟಿಯನ್ನೂ, ಕುರ್ಚಿಯಲ್ಲಿದ್ದ ಬಾಲಿಕೆಯನ್ನೂ, ಮುಂದೆ ಹೋಗುತ್ತಿದ್ದ ವೃದ್ಧೆಯನ್ನೂ ಸರದಿಯಂತೆ ನೋಡಿ, ಏನನ್ನೋ ನಿರ್ಧರಿಸಿ, ತಳ್ಳತೊಡಗಿದನು.

ಕಾಯುವ ಹೊತ್ತಿನಲ್ಲಿ ಅಮ್ಮ ಕೇಳಿದಳು: “ಇಲ್ಲಿ ಸಾಯಂಕಾಲ ಎಷ್ಟು ಹೊತ್ತಿಗೆ ಆಗುತ್ತೋ?” ನಾನು ವಿವರಿಸಲೇಬೇಕಾಯಿತು. ನಾವು ಹೋಗುತ್ತಿರುವುದು ಸೂರ್ಯ ಹೋಗುವ ದಿಕ್ಕಿಗೆ, ಹೆಚ್ಚುಕಡಿಮೆ ಅವನ ಜೊತೆಯಲ್ಲೇ. ಆದಕಾರಣ ಹಗಲು ಹಿಗ್ಗುತ್ತ ಹೋಗುತ್ತದೆ. ಬೇಸಗೆಯಲ್ಲಿ ಕ್ಯಾಲಿಫೋರ್ನಿಯದ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಹೀಗಾಗಿ ನಮ್ಮ ಪಾಲಿನ ಈ ಶನಿವಾರಕ್ಕೆ ಒಟ್ಟು ಮೂವತ್ತಾರೂವರೆ ಗಂಟೆ. ಅದರಲ್ಲಿ ಇಪ್ಪತ್ತಕ್ಕೂ ಮಿಗಿಲಾಗಿ ಬರಿಯ ಬಿಸಿಲು. ಹಿಂದಿರುಗುವಾಗ ಇದಕ್ಕೆ ವಿಪರೀತ: ಸೂರ್ಯನಿಗೆ ಎದುರಾಗಿ ಬರುವುದರಿಂದ ಹಗಲು ಕುಗ್ಗಿ, ನೋಡುನೋಡುತ್ತಿರುವಂತೆಯೇ ಕತ್ತಲಾಗುತ್ತದೆ. ಅಮ್ಮ ಎಲ್ಲವನ್ನೂ ಕೇಳಿ, “ಹಾಗಾದರೆ ಹೊರಡೋ ಮುಂಚೆ ಯಾರಾದರೂ ಹೇಳಬೇಕಿತ್ತು” ಎಂದಳು. ವ್ರತ ಬಿಡುವ ಮಾತು ಮಾತ್ರ ಬರಲಿಲ್ಲ.

ಎರಡನೆಯ ವಿಮಾನ ಅಟ್ಲಾಂಟಿಕ್ ಸಾಗರದ ಮೇಲಿದ್ದಾಗ ನಾನು ಕಡೆಯ ಪ್ರಯತ್ನ ಮಾಡಿದೆನು. “ಅಮ್ಮ, ನಿನ್ನ ಗಡಿಯಾರದಲ್ಲಿ ಏಳೂವರೆ. ತೂಬಗೆರೆಯಲ್ಲಿ ದೀಪ ಹಚ್ಚಿಯಾಯಿತು. ಬಾಳೆಹಣ್ಣು ತಿನ್ನು.” ಅವಳು ಕಿಟಕಿಯ ಮರೆಯನ್ನು ಮೇಲಕ್ಕೆ ಸರಿಸಿದಳು. ಬಿಸಿಲು ಒಳನುಗ್ಗಿತು. “ಪ್ರತ್ಯಕ್ಷ ದೇವರು ಎದುರಿಗೇ ಕೂತಿದ್ದಾನೆ. ಗಡಿಯಾರ ನೋಡಿ ತಿನ್ನೋದೇನೋ?” ಇದಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ; ಶಂಕರಾಚಾರ್ಯರ ಬಳಿಯೂ ಇರುತ್ತಿತ್ತೋ ಇಲ್ಲವೋ.

ಅಲ್ಲಿಂದ ಮುಂದೆ ನಡೆದುದು ಇಷ್ಟು. ಪ್ರಯಾಣಿಕರು ನಿದ್ರಿಸಲೆಂದು ಎಲ್ಲ ಕಿಟಕಿಗಳನ್ನೂ ಮುಚ್ಚಿಸಿ, ದೀಪಗಳನ್ನು ಆರಿಸಿ, ನಡುಹಗಲಿನಲ್ಲಿ ಒಂದು ಕೃತಕ ರಾತ್ರಿಯನ್ನು ನಿರ್ಮಿಸಿದ್ದರು. ಆ ರಾತ್ರಿಯಲ್ಲಿ ಅರ್ಧ ಗಂಟೆಗೊಮ್ಮೆ ನಮ್ಮ ಸಾಲಿನ ಕಿಟಕಿ ಮಾತ್ರ ಒಂದು ಗೇಣು ತೆರೆಯುತ್ತಿತ್ತು. ಗ್ರೀನ್‌ಲ್ಯಾಂಡಿನ ಹಿಮರಾಶಿಯ ಮೇಲೆ ಬಿದ್ದು ಇಮ್ಮಡಿಸಿದ ಬೆಳಕು, ಕಟ್ಟೆ ಒಡೆದಂತೆ ಒಳಬಂದು, ಆಚೆಯ ಸಾಲಿನಲ್ಲಿ ಬಾಯಿತೆರೆದು ಮಲಗಿದ್ದ ಸ್ಥೂಲಕಾಯರೊಬ್ಬರ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು. ಅವರು ಬೆಚ್ಚಿ ಏಳುವರು. ಅಮ್ಮ ಸೂರ್ಯನನ್ನು ಪರಿಶೀಲಿಸಿ, “ಇನ್ನೂ ಇದ್ದಾನೆ” ಎಂದು ನಿಟ್ಟುಸಿರಿಟ್ಟು ಮುಚ್ಚುವಳು. ಗಗನಸಖಿ ಬಂದು ಮೆಲ್ಲಗೆ ಕೇಳಿಕೊಂಡಳು. ನನ್ನ ಮಗ ಅವಳಿಗೆ ಇಂಗ್ಲಿಷಿನಲ್ಲಿ, ಅಜ್ಜಿಗೆ ಸೂರ್ಯ ಮುಳುಗುವವರೆಗೂ ಊಟವಿಲ್ಲವೆಂದು ತಿಳಿಸಿದನು. ಆ ಸಾಧ್ವಿಗೆ ಕರುಳು ಕರಗಿ, ತಾನೇ ಆಗಾಗ ಬಾಗಿಲ ಬಳಿಯ ಕಿಟಕಿಯಲ್ಲಿ ಇಣುಕಿ ನೋಡಿ ಬಂದು, ಇಲ್ಲವೆಂಬಂತೆ ತಲೆಯಾಡಿಸುತ್ತಿದ್ದಳು. ಕೊನೆಕೊನೆಗೆ ಆ ಸ್ಥೂಲಕಾಯರೂ ಎಚ್ಚರವಾದಾಗಲೆಲ್ಲ ಅಮ್ಮನ ಕಡೆಗೆ ಪ್ರಶ್ನಾರ್ಥಕವಾಗಿ ಹುಬ್ಬೇರಿಸತೊಡಗಿದರು.

ಸಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಸಂಜೆಯ ನಾಲ್ಕು, ಬಿಸಿಲು ಪ್ರಖರ. ಆಹಾರ ಪದಾರ್ಥಗಳನ್ನು ಮೂಸಿ ಹಿಡಿಯಲು ಅಲ್ಲಿಯ ಸರಕಾರ 1984ರಿಂದಲೂ ಬೀಗಲ್ ಜಾತಿಯ ನಾಯಿಗಳನ್ನು ನೇಮಿಸಿಕೊಂಡಿದೆ. ಅವು ಬೊಗಳುವುದಿಲ್ಲ, ಸಂದೇಹ ಬಂದ ಚೀಲದ ಪಕ್ಕದಲ್ಲಿ ವಿನಯದಿಂದ ಕುಳಿತುಬಿಡುತ್ತವೆ. ಒಂದು ನಾಯಿ ನಮ್ಮ ಹಪ್ಪಳದ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿತು. ಅದರ ಮುಖದಲ್ಲಿದ್ದುದು ಕರ್ತವ್ಯನಿಷ್ಠೆಗಿಂತ ಮಿಗಿಲಾದ ಒಂದು ಭಾವವೆಂದು ನನ್ನ ನಂಬಿಕೆ. ತೂಬಗೆರೆಯ ಹಲಸಿಗೆ ಸೋಲದ ಮೂಗು ಎಲ್ಲಿಯೂ ಇಲ್ಲ. ಕಾಗದದಲ್ಲಿ ನಾವು ಮೊದಲೇ ಬರೆದುಕೊಟ್ಟಿದ್ದುದರಿಂದ ಅಧಿಕಾರಿ ತೆರೆಸಿ, ನೋಡಿ, ಬಿಟ್ಟುಕೊಟ್ಟನು.

ತಮ್ಮನ ಮನೆಯಲ್ಲಿ ಸೂರ್ಯ ಮುಳುಗಿದುದು ರಾತ್ರಿ ಎಂಟೂವರೆಗೆ. ಅಮ್ಮ ಸ್ನಾನ ಮಾಡಿ, ದೀಪ ಹಚ್ಚಿ, ನಮಸ್ಕರಿಸಿ, ಅವಲಕ್ಕಿ ಮೊಸರಿನ ಬಟ್ಟಲನ್ನು ಕೈಗೆ ತೆಗೆದುಕೊಂಡಳು. ಅಡುಗೆಮನೆಯ ಗೋಡೆಗೆ ಅಲ್ಲಿಯ ದೇವಸ್ಥಾನವೊಂದು ಅಚ್ಚುಹಾಕಿಸಿದ ಕ್ಯಾಲೆಂಡರು ತೂಗುಹಾಕಿತ್ತು. ತಮ್ಮ ಅದನ್ನು ಸುಮ್ಮನೆ ನೋಡಿ, ತಡೆದು, ಮತ್ತೊಮ್ಮೆ ನೋಡಿ, “ಅಣ್ಣ, ಇಲ್ಲಿ ಷಷ್ಠಿ ನಿನ್ನೆಯೇ ಆಗಿಹೋಗಿದೆಯಲ್ಲ” ಎಂದನು. ತಿಥಿಯೆಂಬುದು ಸೂರ್ಯನಿಂದ ಚಂದ್ರ ಹನ್ನೆರಡು ಭಾಗೆ ದೂರ ಸರಿಯುವಷ್ಟು ಕಾಲ. ಅದು ಮುಗಿಯುವ ಕ್ಷಣ ಲೋಕಕ್ಕೆಲ್ಲ ಒಂದೇ. ಊರಿನ ಪಂಚಾಂಗದಂತೆ ಶನಿವಾರ ಮಧ್ಯಾಹ್ನ ಮೂರಕ್ಕೆ ಮುಗಿದ ಷಷ್ಠಿ, ಅಲ್ಲಿಯ ಶನಿವಾರದ ಸೂರ್ಯೋದಯದ ಹೊತ್ತಿಗೆ ಉಳಿದಿರಲೇ ಇಲ್ಲ. ಮಗ ಬೆರಳು ಮಡಿಸಿ ಎಣಿಸಿದನು. “ಅಂದರೆ ಅಜ್ಜಿ, ನಾವು ಫ್ರಾಂಕ್‌ಫರ್ಟಿನಲ್ಲಿ ಕೂತಿದ್ದಾಗಲೇ ಮುಗಿದುಹೋಯಿತು. ಅಲ್ಲಿಂದ ಈಚೆಗೆ ನೀನು ಉಪವಾಸ ಮಾಡಿದ್ದು ಸಪ್ತಮಿಗೆ.”

ಯಾರೂ ಮಾತಾಡಲಿಲ್ಲ. ಅಮ್ಮ ಅವಲಕ್ಕಿಯನ್ನು ಸಾವಕಾಶವಾಗಿ ಮುಗಿಸಿ, ಬಟ್ಟಲನ್ನು ತೊಳೆದಿಟ್ಟು, ಕ್ಯಾಲೆಂಡರಿನ ಮುಂದೆ ಬಂದು ಕನ್ನಡಕ ಹಾಕಿಕೊಂಡಳು. ಒಂದೊಂದಾಗಿ ಹಾಳೆಗಳನ್ನು ಮಗುಚಿ, ನಾವು ಹಿಂದಿರುಗತಕ್ಕ ತಿಂಗಳಿಗೆ ಬಂದು, ಒಂದು ಚೌಕದ ಮೇಲೆ ಬೆರಳಿಟ್ಟು, ತಮ್ಮನನ್ನು ಕರೆದಳು.

“ವಾಪಸಿನ ಟಿಕೀಟನ್ನು ಈ ಷಷ್ಠಿಗೆ ಬದಲಾಯಿಸೋ. ಬರೋವಾಗ ಹಗಲು ಚಿಕ್ಕದಾಗುತ್ತೆ ಅಂತ ನಿಮ್ಮಣ್ಣ ಹೇಳಿದಾನೆ.”